ಲ್ಯಾವೆಂಡರಿಗೆ ಕಟ್ಟಿದ ಗಂಟು

ಆ ಬೆಳಗ್ಗೆ ವ್ಯಾನಿನ ಕೀಲಿಯನ್ನು ಮೂರು ಸಲ ಹುಡುಕಿದೆ. ಮೂರು ಸಲವೂ ಅದು ನನ್ನ ಕೈಯಲ್ಲೇ ಇತ್ತು. ಮೂರನೆಯ ಸಲ ಅವ್ವ ಒಲೆಯ ಮುಂದಿನಿಂದಲೇ ಕೂಗಿದಳು: "ಯಾಕ ಬೇ, ತ್ವಾಟ ನೋಡಾಕ ಹೊಂಟೀಯೋ, ಕಳವು ಮಾಡಾಕ ಹೊಂಟೀಯೋ?" ಅವಳು ಕೇಳಿದ್ದು ತಮಾಷೆಗೆ. ನನಗೆ ಮಾತ್ರ ಕಪಾಳಕ್ಕೆ ಬಿಗಿದಂತಾಯಿತು. ನಾನು ಹೊರಟಿದ್ದು ಹೆಚ್ಚೂಕಮ್ಮಿ ಅಂಥ ಕೆಲಸಕ್ಕೇ.

ಬನಹಟ್ಟಿಯಲ್ಲಿ ನಮ್ಮದು ಬಣ್ಣದ ಮನೆ. ಮಗ್ಗದವರು, ಸೀರೆ ವ್ಯಾಪಾರಿಗಳು ತಂದುಕೊಡುವ ಬಿಳಿ ನೂಲನ್ನು ಹಂಡೆಯಲ್ಲಿ ಕುದಿಸಿ, ಕೇಳಿದ ಬಣ್ಣ ಹಾಕಿ, ಒಣಗಿಸಿ ಕೊಡುವುದು ಕಸುಬು. ಅಪ್ಪ ಮೀಸೆ ಮೂಡುವ ಮೊದಲಿನಿಂದ ಆ ಹಂಡೆಗಳ ಮುಂದೆ ನಿಂತವನು. ನಾನು ಕಾಲೇಜು ಮುಗಿಸಿದಂದಿನಿಂದ ಅವನ ಜೊತೆಗಿದ್ದೇನೆ. ಮದುವೆಯೂ ಊರಲ್ಲೇ ಆದ್ದರಿಂದ ಎರಡು ಓಣಿ ದಾಟಿ ದಿನಾ ಬರುತ್ತೇನೆ. ನಮ್ಮಿಬ್ಬರ ಉಗುರುಗಳನ್ನು ನೋಡಿದರೆ ಸಾಕು, ಆ ವಾರ ಯಾವ ಬಣ್ಣದ ಸೀರೆ ಓಡುತ್ತಿದೆ ಎಂದು ಊರಿಗೆ ತಿಳಿಯುತ್ತದೆ.

ಹೊಸ ಬಣ್ಣ ಬಂದಾಗ ನಮ್ಮಲ್ಲಿ ಒಂದು ಪದ್ಧತಿ. ಅದೇ ಬಣ್ಣವನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿ ಮೂರು ಸಣ್ಣ ಲಡಿಗಳಿಗೆ ಹಾಕುತ್ತೇವೆ. ಲಡಿ ಎಂದರೆ ಸುತ್ತಿ ಮಡಚಿದ ನೂಲಿನ ಕಟ್ಟು. ಹಾಕುವುದು ನನ್ನ ಕೆಲಸ, ಆರಿಸುವುದು ಅಪ್ಪನದು. ಅಪ್ಪ ಮೂರನ್ನೂ ಅಂಗಳಕ್ಕೆ ಒಯ್ದು, ಬಿಸಿಲಿಗೆ ಬೆನ್ನು ಮಾಡಿ ನಿಂತು, ತೋಳು ಚಾಚಿ ನೋಡುತ್ತಾನೆ. ಸರಿ ಕಂಡದ್ದಕ್ಕೆ ಬಿಳಿ ದಾರ ಸುತ್ತಿ ಬಿಗಿಯಾಗಿ ಗಂಟು ಹಾಕುತ್ತಾನೆ. ಗಂಟು ಬಿತ್ತೆಂದರೆ ಮಾತು ಮುಗಿಯಿತು, ಇಡೀ ಮಾಲಿಗೆ ಅದೇ ಬಣ್ಣ. ಆಮೇಲೆ ಮೂರೂ ಲಡಿಗಳು, ಗಿರಾಕಿ ಕೊಟ್ಟ ಬಟ್ಟೆಯ ತುಂಡಿನ ಜೊತೆ, ಗೋಡೆಯ ಒಂದು ಮೊಳೆಗೆ ಹೋಗುತ್ತವೆ. ಅಪ್ಪ ಹಾಕಿದ ಗಂಟನ್ನು ಇನ್ನೊಬ್ಬರು ಬಿಚ್ಚುವುದು ಎಂದರೆ ನಾಲ್ಕು ಮಂದಿಯ ಎದುರು ಅವನ ತಲೆಯ ಟೋಪಿ ಎಳೆದ ಹಾಗೆ.

ಒಂದು ವರ್ಷದಿಂದ ನಾನು ಆ ಗಂಟುಗಳನ್ನು ಬಿಚ್ಚುತ್ತಿದ್ದೆ.

ಮೊದಲ ಸಲ ಅದು ಒಂದು ನೇರಳೆ. ಗಿರಾಕಿಯ ಬಟ್ಟೆ ಒಂದು ಕಡೆ, ಅಪ್ಪ ಗಂಟು ಹಾಕಿದ ಲಡಿ ಇನ್ನೊಂದು ಕಡೆ. ಮಗು ಕೂಡ ಬೇರೆ ಎನ್ನುವಷ್ಟು ಬೇರೆ. ಆಯಾಸವಿರಬೇಕು ಎಂದುಕೊಂಡು ಅಪ್ಪ ಊಟಕ್ಕೆ ಹೋದಾಗ ಗಂಟು ಬಿಚ್ಚಿ ಪಕ್ಕದ ಲಡಿಗೆ ಹಾಕಿದೆ. ಆಮೇಲೆ ಒಂದು ತಿಳಿನೀಲಿ. ಆಮೇಲೆ ಮತ್ತೊಂದು. ಹೀಗೆ ಬಿಚ್ಚಿ ಬಿಚ್ಚಿ ಕೈಗೆ ರೂಢಿಯಾಗಿಹೋಯಿತು. ಅಷ್ಟರಲ್ಲಿ ಒಂದೇ ಒಂದು ಸಲ, ಹೀರೇಕಾಯಿ ಹಸಿರಿನ ಮಾಲನ್ನು ಒಬ್ಬ ವ್ಯಾಪಾರಿ ಹಿಂದಕ್ಕೆ ಕಳಿಸಿದ. ಅಪ್ಪನಿಗೆ ವಯಸ್ಸಾಯಿತು, ಕಣ್ಣು ಮೊದಲಿನಂತಿಲ್ಲ ಎಂದು ಫೋನಿನಲ್ಲೇ ಹೇಳಿ ಅವನನ್ನು ಸಮಾಧಾನ ಮಾಡಿದೆ. ಅಪ್ಪನ ಕಿವಿಗೆ ಆ ವಿಷಯ ಹಾಕಲಿಲ್ಲ.

ಜಮಖಂಡಿಯ ಕಣ್ಣಿನ ಡಾಕ್ಟರರ ಹತ್ತಿರ ನಾನೊಬ್ಬಳೇ ಹೋಗಿ ಕೇಳಿದ್ದೆ. ಪೊರೆ ಬಂದಿರಬೇಕು, ಪೊರೆಯವರಿಗೆ ನೀಲಿ ನೇರಳೆಗಳು ಮೊದಲು ಮಂಕಾಗುತ್ತವೆ, ಕರೆದುಕೊಂಡು ಬನ್ನಿ, ತಡ ಮಾಡಬೇಡಿ ಎಂದರು. ಕರೆದುಕೊಂಡು ಬನ್ನಿ ಎನ್ನುವುದು ಸುಲಭ. ಒಂದು ಸಲ ಬಾಯಿಬಿಟ್ಟು ಹೇಳಿದ್ದಕ್ಕೆ ಅಪ್ಪ, "ನನ್ನ ಕಣ್ಣಿಗೆ ಹೆಸರ ಇಡತೀಯೇನ?" ಎಂದವನು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಅವನ ದೊಡ್ಡಪ್ಪನ ಮಗನೊಬ್ಬ ಹಿಂದೆ ಯಾವಾಗಲೋ ಆಪರೇಶನ್ ಮಾಡಿಸಿಕೊಂಡು ಒಂದು ಕಣ್ಣು ಕಳೆದುಕೊಂಡಿದ್ದನಂತೆ. ಅದೇ ಕಥೆ, ಅದೇ ಹಟ. ಬಣ್ಣದ ಮನೆಯ ಯಜಮಾನ ಕಣ್ಣು ಕಾಣುವುದಿಲ್ಲ ಎಂದು ಒಪ್ಪಿಕೊಂಡರೆ ಉಳಿಯುವುದೇನು ಎಂಬುದು ನನಗೂ ಗೊತ್ತಿತ್ತು. ಆದರೆ ಕಣ್ಣು ಪೂರ್ತಿ ಕೆಟ್ಟ ಮೇಲೆ ಉಳಿಯುವುದಾದರೂ ಏನು?

ಅಷ್ಟರಲ್ಲಿ ಒಬ್ಬ ವ್ಯಾಪಾರಿ ಲ್ಯಾವೆಂಡರ್ ಬಣ್ಣ ಕೇಳಿದ. ಮದುವೆ ಸೀರೆಗಳಿಗೆ ಈಗ ಅದೇ ನಡೆಯುತ್ತದಂತೆ. ಫೋನಿಗೆ ಒಂದು ಚಿತ್ರ ಕಳಿಸಿದ. ಅಪ್ಪ ಫೋನನ್ನು ಅತ್ತ ತಳ್ಳಿದ. "ಫೋನಿನ್ಯಾಗಿಂದು ಬೆಳಕ. ಬಣ್ಣ ಅಲ್ಲ ಅದು. ವಸ್ತು ನೋಡಬೇಕು." ಇದು ಅವನ ಹಳೆಯ ಚಾಳಿ. ಯಾರೋ ನವಿಲಿನ ಕತ್ತಿನ ಬಣ್ಣ ಕೇಳಿದರೆಂದು ಮೂರು ಮುಂಜಾನೆ ಹಳ್ಳದ ದಂಡೆಯಲ್ಲಿ ಕೂತು ಬಂದವನು. ದಾಳಿಂಬೆ ಹೂವಿನ ಬಣ್ಣಕ್ಕೆ ಸೈಕಲ್ ತುಳಿದುಕೊಂಡು ಪರವೂರಿನ ತೋಟಕ್ಕೆ ಹೋಗಿದ್ದ. "ಲ್ಯಾವೆಂಡರ ಗಿವೆಂಡರ ಎಲ್ಲಾ ನಮ್ಮ ಅಗಸಿ ಹೂವಿನ ಬಣ್ಣ ಇರಬೇಕ ಬಿಡ" ಎಂದೂ ಹೇಳಿದ. ಅಗಸೆ ಚಳಿಗಾಲದಲ್ಲಿ ಹೂಬಿಟ್ಟು ಮುಗಿದಿತ್ತು. ಈ ಬೇಸಿಗೆಯಲ್ಲಿ ಎಲ್ಲಿಂದ ತರುವುದು?

ಬೀಳಗಿಯ ಹತ್ತಿರ, ಹಿನ್ನೀರಿನ ದಂಡೆಯಲ್ಲಿ, ಒಬ್ಬರು ಲ್ಯಾವೆಂಡರ್ ತೋಟ ಮಾಡಿದ್ದಾರೆ ಎಂಬ ವಿಡಿಯೋ ನನಗೆ ಆಗಲೇ ಕಂಡದ್ದು. ನೋಡಿದ ಕ್ಷಣವೇ ತಲೆಯಲ್ಲಿ ಕೆಟ್ಟ ಬುದ್ಧಿ ಹುಟ್ಟಿತು. ಮೂರು ಲಡಿ ಹಾಕಿದೆ. ಒಂದು, ಸರಿಯಾದ ಲ್ಯಾವೆಂಡರ್. ಎರಡನೆಯದು ಸ್ವಲ್ಪ ನೀಲಿ ಹೆಚ್ಚಾದದ್ದು. ಮೂರನೆಯದು ಬೂದಿ, ಬರೀ ಬೂದಿ. ವಸ್ತುವಿನ ಎದುರಿಗೇ ನಿಂತು ಅಪ್ಪ ಬೂದಿಗೆ ಗಂಟು ಹಾಕಿದರೆ ಆಗ ಹೇಳುತ್ತೇನೆ, ಆಗ ಅವನಿಗೆ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಅಪ್ಪನಿಗೆ ಅವನದೇ ಪದ್ಧತಿಯಿಂದ ಬಲೆ ಹೆಣೆದಿದ್ದೆ. ಕೀಲಿ ಕೈಯಲ್ಲಿಟ್ಟುಕೊಂಡು ಹುಡುಕಿದ್ದು ಅದಕ್ಕೇ.

ಅವ್ವ ರೊಟ್ಟಿ ಬುತ್ತಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಬಟ್ಟೆಗೆ ಗಂಟು ಹಾಕುವುದನ್ನು ನೋಡಿ, "ಮತ್ತ ಎಡಗೈಲೆ ಹಾಕತಿ ನೋಡ. ಎಷ್ಟ ಸಲಾ ಹೇಳಬೇಕ ನಿನಗ" ಎಂದು ಬಿಚ್ಚಿ, ತಾನೇ ಮತ್ತೆ ಕಟ್ಟಿದಳು. ಉಣ್ಣುವುದು ಬರೆಯುವುದು ಬಲಗೈಯಿಂದಲೇ ಆಗುವಂತೆ ಚಿಕ್ಕವಳಿದ್ದಾಗ ಬಡಿದು ಕಲಿಸಿದರು. ಗಂಟು ಮಾತ್ರ ಎಡಗೈಯಲ್ಲೇ ಉಳಿದುಹೋಯಿತು.

ವ್ಯಾನು ನೂಲು ಸಾಗಿಸುವ ವ್ಯಾನು. ಅಪ್ಪ ಮುಂದೆ, ಅವ್ವ ಹಿಂದಿನ ಸೀಟಿನಲ್ಲಿ ಬುತ್ತಿ, ನೀರಿನ ಕ್ಯಾನು, ಒಂದು ಕಲ್ಲಂಗಡಿಯ ಜೊತೆ. ಎಂಟು ಗಂಟೆಗೇ ಬಿಸಿಲು ಸುಡುತ್ತಿತ್ತು. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಬಣ್ಣದ ವಾಸನೆ. ನಾನು ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ. "ಒಂದ ಏನರ ಮಾಡ" ಎಂದ ಅಪ್ಪ.

ಅವನು ಖುಷಿಯಲ್ಲಿದ್ದ. ಅದೇ ನನಗೆ ಸಹಿಸಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಹಂಡೆ ಬಿಟ್ಟು ಹೊರಗೆ ಬಂದಿದ್ದ, ಒಗೆದು ನೀಲಿ ಹಾಕಿದ ಅಂಗಿ, ಜೇಬಿನಲ್ಲಿ ಬಿಳಿ ದಾರದ ಉಂಡೆ. ರಸ್ತೆಯ ಪಕ್ಕದ ಗುಲ್‌ಮೊಹರ್ ಗಿಡಗಳಿಗೆ ಬೆರಳು ಮಾಡಿ, "ಇದರಾಗ ಎರಡ ಕೆಂಪ ಅದಾವ ನೋಡ, ಮ್ಯಾಲಿಂದ ಒಂದ, ಒಳಗಿಂದ ಒಂದ" ಎಂದ. ನಿಜವಾಗಿಯೂ ಎರಡಿದ್ದವು. ಕಬ್ಬು ಕಡಿದ ಹೊಲದಲ್ಲಿ ಮತ್ತೆ ಚಿಗುರಿದ ಹಸಿರು ನೋಡಿ, ಇದರಲ್ಲಿ ಹಳದಿ ಎಷ್ಟು, ಕಪ್ಪು ಎಷ್ಟು ಎಂದು ಹೇಳಿದ. ಅದೂ ಸರಿಯಿತ್ತು. ನಾನು ಮಾತಿನ ನಡುವೆ ಸುಮ್ಮನೆ ಕೇಳಿದಂತೆ, ಎದುರಿನ ಬಸ್ಸಿನ ಪಟ್ಟೆ ಯಾವ ಬಣ್ಣ, ಆ ಮನೆಯ ಬಾಗಿಲು ಯಾವ ಬಣ್ಣ ಎಂದು ಕೇಳುತ್ತ ಹೋದೆ. ಕೇಳಿದ ಪ್ರತಿ ಸಲವೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು. ಆದರೂ ಕೇಳಿದೆ.

ಜಮಖಂಡಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅವ್ವ ವ್ಯಾನಿನಿಂದ ಇಳಿದದ್ದೇ ಅಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಹೂವಿನ ತ್ವಾಟಕ್ಕ ಹೊಂಟ ಇಕಿ ಬೂದಿ ಬಣ್ಣದ ಸೀರಿ ಉಟಗೊಂಡ ಬಂದಾಳ."

"ಬೂದಿ ಅಂತ ಬೂದಿ!" ಅವ್ವ ಸೆರಗು ಎತ್ತಿ ತೋರಿಸಿದಳು. "ಬದನಿ ಹೂವಿನ ಬಣ್ಣರೀ ಇದು. ನೀವ ಹಾಕಿಕೊಟ್ಟಿದ್ದು. ನಾ ಉಟ್ಟಿದ್ದಕ್ಕೆಲ್ಲಾ ಹೆಸರ ಇಡೂದ ಆತು ನಿಮಗ."

ಅವಳು ನಕ್ಕಳು. ಅವಳ ಸೀರೆಗಳನ್ನು ಆಡಿಕೊಳ್ಳುವುದು ಅಪ್ಪನ ಹಳೆಯ ಆಟ, ಇದೂ ಅದೇ ಎಂದುಕೊಂಡಳು. ಅಪ್ಪನೂ ನಕ್ಕ, ಆದರೆ ಒಂದು ಗಳಿಗೆ ತಡವಾಗಿ. ಊರು ದಾಟುವಾಗ ಕಣ್ಣಿನ ದವಾಖಾನೆಯ ಬೋರ್ಡಿನ ಮುಂದೆ ವೇಗ ಇಳಿಸಿದೆ. ಅಪ್ಪ ಇನ್ನೊಂದು ಬದಿಯ ಪಾತ್ರೆ ಅಂಗಡಿಯನ್ನು ನೋಡುತ್ತಿದ್ದ.

ಬೀಳಗಿ ರಸ್ತೆಯಲ್ಲಿ ಎರಡು ಸಲ ದಾರಿ ತಪ್ಪಿದೆ. ಬೇಕೆಂದೇ ತಪ್ಪಿದೆನೋ ಏನೋ, ಈಗಲೂ ಗೊತ್ತಿಲ್ಲ. ತಿರುಗಿ ಮನೆಗೆ ಹೋಗಿಬಿಡೋಣ ಅನ್ನಿಸುತ್ತಿತ್ತು, ಮರುಕ್ಷಣವೇ ಬೇಗ ಮುಟ್ಟಿ ಇದನ್ನು ಮುಗಿಸಿಬಿಡೋಣ ಅನ್ನಿಸುತ್ತಿತ್ತು. ಕೊನೆಗೆ ಹಿನ್ನೀರು ಕಂಡಿತು. ಇಳಿದುಹೋದ ನೀರು, ಒಡೆದ ಕೆಸರು, ಅದರಾಚೆ ಕಪ್ಪು ಹೊಲದ ನಡುವೆ ಒಂದು ನೇರಳೆ ಪಟ್ಟೆ. ಅವ್ವ ಹಿಂದಿನಿಂದ "ಅಯ್ಯ ಶಿವನ, ಎಷ್ಟ ಚಂದ!" ಎಂದಳು. ಅಪ್ಪ ಕಣ್ಣು ಕಿರಿದು ಮಾಡಿ ಅತ್ತ ನೋಡಿದ.

ತೋಟದ ಬಾಗಿಲಲ್ಲಿ ಫೋಟೋ ತೆಗೆಸಿಕೊಳ್ಳಲು ಹೃದಯದ ಆಕಾರದ ತಗಡಿನ ಚೌಕಟ್ಟು ನಿಲ್ಲಿಸಿದ್ದರು. ತೋಟದ ಒಡತಿ ನನ್ನ ವಯಸ್ಸಿನ ಹೆಣ್ಣುಮಗಳು, ತಲೆಗೆ ಟವೆಲು ಸುತ್ತಿಕೊಂಡು ಪೈಪು ಹಿಡಿದು ನಿಂತಿದ್ದಳು. ಗಂಡ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ತೋಟ ತನ್ನದೇ ಹುಚ್ಚು ಎಂದಳು. ನಾವು ಬಣ್ಣದವರು, ಲ್ಯಾವೆಂಡರ್ ಹೂವಿನ ಬಣ್ಣ ನೋಡಲು ಬಂದಿದ್ದೇವೆ ಎಂದಾಗ ಅವಳ ಮುಖ ಸಣ್ಣದಾಯಿತು.

"ನಿಮ್ಮಂಥಾವರಿಗೆ ಸುಳ್ಳ ಹೇಳಾಕ ಬರಂಗಿಲ್ಲರಿ ಅಕ್ಕಾರ" ಎಂದಳು. "ಈ ಹೊಲದಾಗಿಂದು ಖರೆ ಲ್ಯಾವೆಂಡರ್ ಅಲ್ಲರಿ. ಹಂಗ ಕಾಣೂ ಬ್ಯಾರೆ ಹೂವ. ಖರೇದು ಎರಡ ಸಲಾ ಹಚ್ಚಿದ್ದೆ, ಎರಡೂ ಸಲಾ ನಮ್ಮ ಬಿಸಲಿಗೆ ಸುಟ್ಟ ಹ್ವಾದುವು. ಈಗ ಕುಂಡ್ಯಾಗ ಹತ್ತ ಗಿಡ ಉಳದಾವ, ನೆರಳಾಗ ಇಟ್ಟೇನಿ."

"ಅಂದ್ರ ಇದನ್ನ ನೋಡಾಕ ನಾವು ಇಷ್ಟ ದೂರ ಬಂದೇವಿ?" ಎಂದು ಅವ್ವ ಗಲ್ಲಕ್ಕೆ ಕೈ ಇಟ್ಟಳು. ಆ ಹೆಣ್ಣುಮಗಳು ನಕ್ಕುಬಿಟ್ಟಳು, ಅವ್ವನೂ ನಕ್ಕಳು. ಅಪ್ಪ ನಗಲಿಲ್ಲ. "ಖರೇದು ತೋರಸವಾ ತಂಗಿ" ಎಂದ.

ಹಸಿರು ಬಲೆಯ ಚಪ್ಪರದ ಕೆಳಗೆ, ಸುತ್ತ ತೋಯಿಸಿದ ಗೋಣಿತಟ್ಟು ಕಟ್ಟಿ, ಹತ್ತು ಕುಂಡಗಳನ್ನು ಇಟ್ಟಿದ್ದಳು. ಬೂದುಹಸಿರು ಎಲೆ, ತೆಳ್ಳಗಿನ ಕಡ್ಡಿ, ಕಡ್ಡಿಯ ತುದಿಗೆ ಜೋಳದ ಕಾಳಿನಷ್ಟು ಹೂವು. ಇದರ ಸಲುವಾಗಿ ಜಗತ್ತು ಇಷ್ಟು ಕುಣಿಯುತ್ತದೆಯೇ ಅನ್ನಿಸಿತು. ಅಪ್ಪ ಬಗ್ಗಿ ಒಂದು ಕುಂಡ ಎತ್ತಿಕೊಂಡ. "ಹಸಿರ ಬಲಿ ಕೆಳಗ ಬಣ್ಣ ಕೆಡತೈತಿ" ಎಂದು ಅದನ್ನು ಬಯಲಿಗೆ ಒಯ್ದು ಇಟ್ಟ. ಕಸುಬು ಅವನ ಕೈಕಾಲುಗಳಲ್ಲಿ ಇನ್ನೂ ಸ್ವಲ್ಪವೂ ಮಂಕಾಗಿರಲಿಲ್ಲ. ಹೂವನ್ನು ಬೆರಳಲ್ಲಿ ಹೊಸಕಿ ಮೂಸಿದ. "ಕರ್ಪೂರ, ಅಜವಾನ ಎರಡೂ ಕೂಡಿಸಿದಂಗ ಐತಿ." ಆಮೇಲೆ ನನ್ನ ಕಡೆ ಕೈ ಚಾಚಿದ. ನಾನು ಮೂರು ಲಡಿಗಳನ್ನು ಕೊಟ್ಟೆ.

ಬಿಸಿಲಿಗೆ ಬೆನ್ನು ಮಾಡಿ ನಿಂತ. ತೋಳು ಚಾಚಿದ. ಒಂದೊಂದಾಗಿ ಹೂವಿನ ಪಕ್ಕ ಹಿಡಿದ, ಹಿಂದಕ್ಕೆ ತಂದ, ಮತ್ತೆ ಹಿಡಿದ. ಎಷ್ಟು ಹೊತ್ತು ಎಂದರೆ ಆ ಹೆಣ್ಣುಮಗಳು ಪೈಪಿನ ನೀರು ಬಂದ್ ಮಾಡಿ ಬಂದು ನಿಂತಳು. ನಾನು ಚಪ್ಪಲಿಯ ತುದಿಯಿಂದ ಮಣ್ಣು ಕೆದರುತ್ತಿದ್ದೆ. ಸರಿಯಾದದ್ದಕ್ಕೇ ಕಟ್ಟಲಿ ದೇವರೇ ಎಂದು ಬೇಡಿಕೊಂಡೆ, ನಾನೇ ಹೆಣೆದ ಬಲೆ ಹರಿಯಲಿ ಎಂದು. ಅಪ್ಪ ಜೇಬಿನಿಂದ ಬಿಳಿ ದಾರ ತೆಗೆದ. ಬೂದಿ ಲಡಿಗೆ ಸುತ್ತಿ ಗಂಟು ಹಾಕಿದ.

"ಅಯ್ಯ ಕಾಕಾರ" ಎಂದಳು ಆ ಹೆಣ್ಣುಮಗಳು, ಏನೂ ಅರಿಯದೆ. "ಅದು ಬೂದಿ ಬಣ್ಣ ಅಲ್ಲೇನ್ರಿ?"

ಇದೇ ನಾನು ಕಾಯ್ದಿದ್ದ ಗಳಿಗೆ. ವಾರವಿಡೀ ಬಾಯಿಪಾಠ ಮಾಡಿದ ಮಾತು ನಾಲಿಗೆಯ ಮೇಲೇ ಇತ್ತು. ಅಪ್ಪನ ಕೈ ಗಂಟಿನ ಮೇಲೆ ನಿಂತುಬಿಟ್ಟಿತ್ತು. ಪರವೂರಿನ ಹೊಲದಲ್ಲಿ, ಗುರುತಿಲ್ಲದ ಹೆಣ್ಣುಮಗಳ ಎದುರು, ಒಗೆದ ಅಂಗಿ ಹಾಕಿಕೊಂಡು ನಿಂತ ಅಪ್ಪ.

"ಹಸಿ ನೂಲ ಹಂಗ ಕಾಣತೈತಿ" ಎಂದೆ ನಾನು. "ಒಣಗಿದ ಮ್ಯಾಲ ಬಣ್ಣ ಏಳತೈತ್ರಿ. ನಮ್ಮ ಕಸಬಿನ್ಯಾಗ ಅದು ಹಂಗ."

ಶುದ್ಧ ಸುಳ್ಳು. ಲಡಿಗಳು ಒಣಗಿ ನಾಲ್ಕು ದಿನವಾಗಿತ್ತು. ನೂಲು ಒಣಗಿದರೆ ಬಣ್ಣ ಇಳಿಯುತ್ತದೆಯೇ ಹೊರತು ಏಳುವುದಿಲ್ಲ. "ಹೌದೇನ್ರಿ, ನಮಗೇನ ಗೊತ್ತರಿ ಅದು" ಎಂದು ಅವಳು ಒಪ್ಪಿಕೊಂಡಳು. ನನಗೆ ನನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಅಲ್ಲಿಂದ ದಡದಡ ನಡೆದು ಹಿನ್ನೀರಿನ ದಂಡೆಯವರೆಗೆ ಹೋಗಿ ನಿಂತೆ. ಬಲೆ ಹೆಣೆದವಳೂ ನಾನೇ, ಮೀನು ಬಿದ್ದಾಗ ಹರಿದವಳೂ ನಾನೇ. ಇನ್ನೊಂದು ಇಂಥ ಅವಕಾಶ ಎಲ್ಲಿಂದ ತರಲಿ?

ಬೇವಿನ ಗಿಡದ ಕೆಳಗೆ ಊಟಕ್ಕೆ ಕೂತೆವು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ, ಮೊಸರು. ಆ ಹೆಣ್ಣುಮಗಳನ್ನೂ ಅವ್ವ ಬಿಡದೆ ಕೂಡಿಸಿದಳು. ನಾನು ಒಂದು ರೊಟ್ಟಿಯನ್ನು ಮುರಿದು ಮುರಿದು ಪುಡಿ ಮಾಡಿದೆನೇ ಹೊರತು ತಿನ್ನಲಿಲ್ಲ. ಎದ್ದು ನೀರು ತಂದೆ, ಕೂತೆ, ಕಲ್ಲಂಗಡಿ ಕೊಯ್ಯಲು ಎದ್ದೆ, ಚಾಕು ಮರೆತು ಕೂತೆ. "ಇಕಿಗೆ ಏನಾಗೇತಿ ಇವತ್ತ?" ಎಂದಳು ಅವ್ವ. ಆಮೇಲೆ ಅವಳಿಗೆ ತಗಡಿನ ಹೃದಯದ ಚೌಕಟ್ಟಿನಲ್ಲಿ ಫೋಟೋ ತೆಗೆಸಿಕೊಳ್ಳುವ ಆಸೆಯಾಗಿ, ತೋಟದವಳ ಕೈ ಹಿಡಿದುಕೊಂಡು ನೇರಳೆ ಸಾಲುಗಳ ಕಡೆ ಹೋದಳು. ಗಿಡದ ಕೆಳಗೆ ನಾನು, ಅಪ್ಪ, ಮೂರು ಲಡಿ.

ಅಪ್ಪ ಗಂಟಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. "ನೂಲ ಒಣಗಿದ ಮ್ಯಾಲ ಬಣ್ಣ ಏಳತೈತಿ?" ಎಂದು ಕೇಳಿದ. "ಯಾರ ಕಲಿಸಿದ್ರು ನಿನಗ?"

ನಾನು ರೊಟ್ಟಿಯ ಪುಡಿಯನ್ನು ಬೆರಳಿನಿಂದ ಒಟ್ಟುಗೂಡಿಸತೊಡಗಿದೆ.

"ನೀ ಹಾಕೂ ಗಂಟ ಎಡಕ್ಕ ತಿರಗತೈತಿ" ಎಂದ. "ನಂದು ಬಲಕ್ಕ. ದಿನಾ ಮುಂಜಾನೆ ಮೊಳಿಗಿ ಕೈ ಆಡಸ್ತೇನಿ ನಾ. ವರ್ಷಾತು, ಎಡಗಂಟ ಸಿಗಾಕತ್ತಾವ."

"ಗೊತ್ತಿತ್ತೇನಪ್ಪಾ? ಗೊತ್ತಿದ್ದೂ ಯಾಕ ಸುಮ್ಮನಿದ್ದಿ?"

"ಮೊದಲ ಸಿಟ್ಟ ಬಂತು. ಹಂಡೆದಾಗ ಒಗದ ಬಿಡ್ಲೇನು ಅನಿಸ್ತು ಎಲ್ಲಾ. ಆಮ್ಯಾಲ ನೋಡಿದೆ, ಮಾಲ ಒಂದೂ ತಿರಗಿ ಬರಲಿಲ್ಲ. ಹಂಗಾರ ಇಕಿದ ಖರೆ, ನಂದ ಸುಳ್ಳ ಅಂತ ತಿಳೀತು. ತಿಳದ ಮ್ಯಾಲ ಬಾಯಿ ತೆರಿಯಾಕ ಆಗಲಿಲ್ಲ."

"ಇವತ್ತ?"

"ಇವತ್ತ ಮೂರೂ ಒಂದ ಕಂಡ್ವು ನನಗ. ಅದರಾಗ ಒಂದಕ್ಕ ಕಟ್ಟಿದೆ. ಇಷ್ಟ ದೂರ ಕರಕೊಂಡ ಬಂದಾಳ, ಈಗರ ಎದರಿಗಿ ನಿಂತ ಹೇಳತಾಳ ಅಂತ ಕಾದೆ." ಮತ್ತೆ ಹೇಳಿದ: "ಸುಳ್ಳ ಹೇಳಿ ಮುಚ್ಚಿದಿ. ಹೇಳಬೇಕಿತ್ತವಾ ನೀ. ನನಗ ಬಿಚ್ಚಿ ಹೇಳೂ ಅಷ್ಟ ಧೈರ್ಯ ಇರಲಿಲ್ಲ, ನೀನರ ಹೇಳಬೇಕಿತ್ತು."

ನಾನು ಅತ್ತುಬಿಟ್ಟೆ. ಅಳುತ್ತಲೇ ಜಗಳ ತೆಗೆದೆ. ಒಂದು ಸಲ ಹೇಳಿದ್ದಕ್ಕೆ ಮೂರು ದಿನ ಮಾತು ಬಿಟ್ಟವರು ಯಾರು ಎಂದೆ. ಆಪರೇಶನ್ ಮಾಡಿಸಿಕೊ ಎಂದೆ. ಯಾವ ಕಾಲದ ಯಾರದೋ ಕಣ್ಣಿನ ಕಥೆ ಹಿಡಿದುಕೊಂಡು ಎಷ್ಟು ದಿನ ಕೂರುತ್ತಿ ಎಂದೆ. ವರ್ಷದ ಸಿಟ್ಟು, ವರ್ಷದ ನಾಚಿಕೆ, ಎಲ್ಲ ಒಟ್ಟಿಗೆ ಬಂತು.

"ಕಣ್ಣ ಹೋಗತೈತಿ ಅಂತ ಅಲ್ಲ ಹೆದರಿಕಿ" ಎಂದ ಕೊನೆಗೆ. "ಬಂದ್ರ? ಬಂದ ಮ್ಯಾಲ ಮೊಳಿ ಮುಂದ ನಿಂತ ನೋಡಬೇಕಲ್ಲ, ನಾ ಎಷ್ಟ ಕೆಡಸೀನಿ ಅಂತ."

ಅದನ್ನು ನಾನು ಎಣಿಸಿಯೇ ಇರಲಿಲ್ಲ. "ನೀ ಏನೂ ಕೆಡಸಿಲ್ಲಪ್ಪಾ" ಎಂದೆ. "ಕೆಟ್ಟದ್ದೆಲ್ಲಾ ನಾ ಸರಿ ಮಾಡೇನಿ." ಸಮಾಧಾನಕ್ಕೆಂದು ಆಡಿದ ಮಾತು. ಆಡಿದ ಮೇಲೆ, ಇದಕ್ಕಿಂತ ಚುಚ್ಚುವ ಮಾತು ಇನ್ನೊಂದಿಲ್ಲ ಎಂದು ತಿಳಿಯಿತು.

ಅಪ್ಪ ಬೂದಿ ಲಡಿಯನ್ನು ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದ ಗಂಟು ಬಿಚ್ಚಿದ. ಅವನು ತನ್ನ ಗಂಟನ್ನು ತಾನೇ ಬಿಚ್ಚಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ದಾರವನ್ನೂ ಮೂರು ಲಡಿಗಳನ್ನೂ ನನ್ನ ಮಡಿಲಿಗೆ ಹಾಕಿದ. "ಕಟ್ಟ" ಎಂದ. "ನನ್ನ ಮುಂದ ಕಟ್ಟ." ನಾನು ಲ್ಯಾವೆಂಡರಿಗೆ ದಾರ ಸುತ್ತಿದೆ. ಎರಡು ಸಲ ಜಾರಿತು. ಮೂರನೆಯ ಸಲ ಗಂಟು ಕೂತಿತು, ಎಡಕ್ಕೆ.

ವಾಪಸು ಬರುವಾಗ ಅವ್ವ ಫೋಟೋ ನೋಡುತ್ತ ನೋಡುತ್ತ ನಿದ್ದೆ ಹೋದಳು. ಜಮಖಂಡಿಯಲ್ಲಿ ಪಾತ್ರೆ ಅಂಗಡಿ ಬಂದಾಗ ಅಪ್ಪ, "ಗಾಡಿ ನಿಲ್ಲಸ" ಎಂದ. ಏನು ಬೇಕಪ್ಪಾ ಎಂದೆ. ರಸ್ತೆಯ ಆಚೆಯ ದವಾಖಾನೆಯ ಬೋರ್ಡಿಗೆ ಗದ್ದ ತೋರಿಸಿ, "ಐದ ಗಂಟೇತನಕ ಇರತಾರೇನ ಕೇಳ ಹೋಗ" ಎಂದ.

ಮೊದಲು ಒಂದು ಕಣ್ಣಿನ ಆಪರೇಶನ್, ಕೆಲವು ವಾರಗಳ ಮೇಲೆ ಇನ್ನೊಂದರದು. ಏನೂ ಆಗಲಿಲ್ಲ, ಆದದ್ದೆಲ್ಲ ಒಳ್ಳೆಯದೇ. ಕಪ್ಪು ಕನ್ನಡಕ ತೆಗೆದ ದಿನ ಅಪ್ಪ ಅಡಿಗೆಮನೆಯಲ್ಲಿ ನಿಂತು, "ಗ್ವಾಡಿಗಿ ನೀಲಿ ಯಾವಾಗ ಹಚ್ಚಿದ್ರಿ?" ಎಂದು ಕೇಳಿದ. "ಎರಡ ವರ್ಷಾತು, ನೀವ ತಂದ ಸುಣ್ಣರೀ ಅದು" ಎಂದಳು ಅವ್ವ. ಬದನೆ ಹೂವಿನ ಸೀರೆಯನ್ನು ಅವಳಿಂದ ಕೇಳಿ ಇಸಿದುಕೊಂಡು ಅಂಗಳದ ಹಗ್ಗಕ್ಕೆ ಹಾಕಿ ಬಹಳ ಹೊತ್ತು ನೋಡುತ್ತ ಕೂತಿದ್ದ.

ಮರುದಿನ ಬೆಳಗ್ಗೆ ನಾನು ಬರುವಷ್ಟರಲ್ಲಿ ಬಣ್ಣದ ಮನೆಯಲ್ಲಿದ್ದ. ವರ್ಷದ ಲಡಿಗಳನ್ನೆಲ್ಲ ಮೊಳೆಗಳಿಂದ ಇಳಿಸಿ ಅಂಗಳದ ಚಾಪೆಯ ಮೇಲೆ, ಗಿರಾಕಿಗಳ ಬಟ್ಟೆ ತುಂಡುಗಳ ಜೊತೆ ಜೋಡಿಸಿಟ್ಟಿದ್ದ. ಬಿಗಿಯಾಗಿ ಕಟ್ಟಿ ಬಿಚ್ಚಿದ ನೂಲಿನಲ್ಲಿ ಗಂಟು ಕೂತಿದ್ದ ಗುರುತು ಹಾಗೇ ಉಳಿಯುತ್ತದೆ. ಅವನು ಎಲ್ಲಿ ಕಟ್ಟಿದ್ದ, ನಾನು ಎಲ್ಲಿ ಕಟ್ಟಿದೆ, ಈಗ ಎರಡೂ ಅವನಿಗೆ ಕಾಣುತ್ತಿದ್ದವು.

"ಇದು ಸರಿ ಮಾಡಿದಿ" ಎಂದ, ನೇರಳೆಯನ್ನು ಎತ್ತಿ. "ಇದೂ ಸರಿ. ನಾ ಖರೆ ಕುಡ್ಡ ಆಗಿದ್ನಿ ನೋಡ." ನಗುತ್ತಿದ್ದ. ತಿಳಿನೀಲಿ ಸರಿ, ಆಕಾಶನೀಲಿ ಸರಿ. ಆಮೇಲೆ ಒಂದರ ಮೇಲೆ ಕೈ ನಿಂತಿತು. ಹೀರೇಕಾಯಿ ಹಸಿರು. ಅದನ್ನೂ ಗಿರಾಕಿಯ ತುಂಡನ್ನೂ ನನ್ನ ಕಡೆ ಹಿಡಿದ.

"ಇದನ್ನ ಯಾಕ ಬಿಚ್ಚಿದಿ?"

ನಾನು ನೋಡಿದೆ. ನನ್ನ ಎಡಗಂಟು ಇದ್ದ ಲಡಿ ಒಂದು ಹಸಿರು, ಗಿರಾಕಿಯ ತುಂಡು ಇನ್ನೊಂದು ಹಸಿರು. ಗಂಟಿನ ಗುರುತು ಮಾತ್ರ ಉಳಿದಿದ್ದ ಅಪ್ಪನ ಲಡಿ, ಆ ತುಂಡಿನಿಂದಲೇ ಎಳೆದ ನೂಲಿನಂತೆ ಇತ್ತು. ಆ ದಿನ ಅವಸರವಿತ್ತು. ಅಂಗಳಕ್ಕೂ ಹೋಗಿರಲಿಲ್ಲ, ಒಳಗಿನ ಟ್ಯೂಬ್‌ಲೈಟಿನ ಕೆಳಗೇ ಬಿಚ್ಚಿ ಬದಲಾಯಿಸಿದ್ದೆ. ಅಪ್ಪ ಕಟ್ಟಿದ್ದರೆ ತಪ್ಪೇ ಇರಬೇಕು ಎಂದು, ನೋಡದೆಯೇ.

ವ್ಯಾಪಾರಿಗೆ ಫೋನಿನಲ್ಲಿ ಹೇಳಿದ ಮಾತು ಕಿವಿಯಲ್ಲಿ ಮತ್ತೆ ಕೇಳಿಸಿತು. ಅಪ್ಪನಿಗೆ ವಯಸ್ಸಾಯಿತು, ಕಣ್ಣು ಮೊದಲಿನಂತಿಲ್ಲ.

"ಅಪ್ಪಾ" ಎಂದೆ. "ಈ ಮಾಲ ತಿರಗಿ ಬಂದಿತ್ತು. ನಿನಗ ಹೇಳಿಲ್ಲ. ನಿನ್ನ ಕಣ್ಣಿನ ಮ್ಯಾಲ ಹಾಕಿದೆ."

ಬೈದಿದ್ದರೆ ಹಗುರಾಗುತ್ತಿತ್ತು. ಅಪ್ಪ ನನ್ನ ಲಡಿಯ ಗಂಟು ಬಿಚ್ಚಿ, ಅದೇ ದಾರವನ್ನು ತನ್ನ ಹಳೆಯ ಗುರುತಿನ ಮೇಲೆಯೇ ಸುತ್ತಿ, ಬಲಕ್ಕೆ ತಿರುಗಿಸಿ ಬಿಗಿದ. ಎದ್ದು ಬಂದು ಅದನ್ನು ನನ್ನ ಕೈಯಲ್ಲಿಟ್ಟ.

"ಬಿಸಲಿಗಿ ಬೆನ್ನ ಮಾಡಿ ನಿಂದರ" ಎಂದ. "ಈಗ ನೋಡ."